ಮಾತು ಬಿಟ್ಟವರ ಮೇಲೊಂದು ಪ್ರಯೋಗ

ಸರೋಜಿನಿಯ ಎಂ.ಎ. ಒಂದು ತಟ್ಟೆ ಮಿಸಳ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಅವಳ ಅಪ್ಪ ಮುದ್ದಣ್ಣ ಮತ್ತು ಚಿಕ್ಕಪ್ಪ ಜಯಕರ ನಾಸಿಕದ ಪಂಚವಟಿಯಲ್ಲಿ ನಡೆಸುತ್ತಿದ್ದದ್ದು ಒಂದೇ ಹೋಟೆಲು. ಆದರೆ ಮೂರು ವರ್ಷಗಳಿಂದ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಗಿರಾಕಿಗಳು ಕೇಳುತ್ತಾರೆ, ಮೊಳಕೆಕಾಳಿನ ಖಾರದ ಗೊಜ್ಜಿನ ಮೇಲೆ ಈರುಳ್ಳಿ ಉದುರಿಸಿದ ಮಿಸಳ್ ಇಡೋಣ ಎಂದು ತಮ್ಮ. ಉಡುಪಿ ಕಡೆಯಿಂದ ಬಂದು ಇಡ್ಲಿ ಸಾಂಬಾರಿನಲ್ಲಿ ಹೆಸರು ಮಾಡಿದವರು, ಅದೂ ಶ್ರೀರಾಮ ವನವಾಸ ಮಾಡಿದ ಜಾಗದಲ್ಲಿ, ಈರುಳ್ಳಿ ಕೊಚ್ಚುತ್ತಾ ಕೂರುವುದೇ ಎಂದು ಅಣ್ಣ. ರಾಮನಿಗೆ ಈರುಳ್ಳಿಯ ಮೇಲೆ ಸಿಟ್ಟಿತ್ತೆಂದು ಯಾವ ಪುರಾಣದಲ್ಲೂ ಬರೆದಿಲ್ಲ ಎಂದು ತಮ್ಮ ಹೇಳಿದ್ದೇ ತಡ, ಮಾತು ನಿಂತಿತು. ಮಿಸಳ್ ಮಾತ್ರ ಶುರುವಾಯಿತು.

ಅಂದಿನಿಂದ ಒಲೆಯ ಎಡಕ್ಕೆ ಅಣ್ಣನ ಸಾಂಬಾರು, ಬಲಕ್ಕೆ ತಮ್ಮನ ಮಿಸಳ್, ನಡುವೆ ಅಡುಗೆಯ ಶೀನ. ಊರಿನಿಂದ ಇವರ ಜೊತೆಗೇ ಬಂದ ಶೀನನಿಗೆ ಈಗ ಅಡುಗೆಗಿಂತ ಟಪಾಲಿನ ಕೆಲಸವೇ ಹೆಚ್ಚು. "ಶೀನಾ, ಸಕ್ಕರೆ ಮುಗೀತು ಅಂತ ಅವನಿಗೆ ಹೇಳು" ಎಂದು ಮುದ್ದಣ್ಣ ಗಲ್ಲೆಯಿಂದ ಕೂಗಬೇಕು. ಒಂದು ಮಾರು ದೂರದಲ್ಲಿ ನಿಂತ ಜಯಕರ ಕಿವಿ ಕೇಳದವನ ಹಾಗೆ ಗೋಡೆ ನೋಡಬೇಕು. ಶೀನ ಹತ್ತಿರ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದ ಮೇಲೆ "ಹೌದಾ?" ಎಂದು ಆಶ್ಚರ್ಯಪಡಬೇಕು. ಪಂಚವಟಿಯ ಪುರೋಹಿತರಿಗೆಲ್ಲ ಈ ಪದ್ಧತಿ ರೂಢಿಯಾಗಿ, ಅವರು ನಗುವುದನ್ನೂ ಬಿಟ್ಟಿದ್ದರು.

ಸರೋಜಿನಿ ಆ ವರ್ಷ, ಅರವತ್ತೆಂಟರಲ್ಲಿ, ಮನಃಶಾಸ್ತ್ರದಲ್ಲಿ ಬಿ.ಎ. ಪಾಸಾಗಿದ್ದಳು. ಅವಳಿಗೆ ಪಾಠ ಹೇಳಿದ ಮೇಡಂ ಔರಂಗಾಬಾದಿಗೆ ವರ್ಗವಾಗಿ ಹೋಗಿ, ನೀನೂ ಬಂದು ಎಂ.ಎ. ಮಾಡು, ಹಾಸ್ಟೆಲ್ ಉಂಟು ಎಂದು ಕರೆದಿದ್ದರು. ಆಗಸ್ಟ್ ಮುಗಿಯುವುದರೊಳಗೆ ಸೇರಬೇಕು. ಮನುಷ್ಯ ಹೀಗೇಕೆ ಆಡುತ್ತಾನೆ ಎಂಬುದನ್ನು ಓದುವುದಕ್ಕಿಂತ ದೊಡ್ಡ ಸಂತೋಷ ಬೇರೊಂದಿದೆ ಎಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ಅಪ್ಪನನ್ನು ಕೇಳಿದಳು.

"ಚಿಕ್ಕಪ್ಪನ ಹತ್ರ ಕೇಳು. ಅವ ಹೂಂ ಅಂದ್ರೆ ನಂದೂ ಹೂಂ."

ಚಿಕ್ಕಪ್ಪನನ್ನು ಕೇಳಿದಳು.

"ಅಣ್ಣ ಇರುವಾಗ ನಾನು ಎಂತ ಹೇಳುದು ಮಾರಾಯ್ತಿ? ಅಣ್ಣನ ಹತ್ರ ಕೇಳು."

ಇಬ್ಬರೂ ಮಾತಾಡುವುದಿಲ್ಲ, ಹೂಂ ಹುಟ್ಟುವುದಿಲ್ಲ. ಶೀನನ ಟಪಾಲಿನಲ್ಲಿ ಸಕ್ಕರೆ ಹೋಗುತ್ತಿತ್ತು, ಮಗಳ ಭವಿಷ್ಯ ಹೋಗುತ್ತಿರಲಿಲ್ಲ. ಅಮ್ಮ ಕುಸುಮಾವತಿ ಮಾತ್ರ "ನೀನು ಸುಮ್ಮನಿರು, ನಾನು ನೋಡಿಕೊಳ್ತೇನೆ" ಎಂದಳು. ಸರೋಜಿನಿಗೆ ಅಮ್ಮನ ಮೇಲೆ ಪ್ರೀತಿಯಿತ್ತು, ನಂಬಿಕೆ ಇದ್ದದ್ದು ಪಠ್ಯಪುಸ್ತಕದ ಮೇಲೆ.

ಪುಸ್ತಕದಲ್ಲಿ ಒಂದು ಪ್ರಯೋಗವಿತ್ತು. ಅಮೆರಿಕದಲ್ಲಿ ಕೆಲವು ಪಂಡಿತರು ಹುಡುಗರನ್ನು ಕಾಡಿನ ಶಿಬಿರಕ್ಕೆ ಕರೆದೊಯ್ದು, ಎರಡು ಗುಂಪು ಮಾಡಿ, ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳ ಹಚ್ಚಿದರಂತೆ. ಬುದ್ಧಿ ಹೇಳಿದರೂ ಪ್ರಯೋಜನವಾಗಲಿಲ್ಲ, ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನವನ್ನೇ ಎರಚಾಡಿಕೊಂಡರು. ಕೊನೆಗೆ ಶಿಬಿರದ ನೀರು ನಿಲ್ಲುವಂತೆ ಮಾಡಿದರು. ಇಬ್ಬರಿಗೂ ಬಾಯಾರಿತು, ಇಬ್ಬರೂ ಸೇರಿ ನೀರು ಹುಡುಕಿದರು. ಅಂಥ ಕಷ್ಟಗಳು ಒಂದಾದ ಮೇಲೊಂದು ಬರುತ್ತಿದ್ದಂತೆ ಹಗೆ ಕರಗಿತು. ಅಪ್ಪ ಚಿಕ್ಕಪ್ಪನಿಗೆ ತಲೆ ನೆರೆತಿತ್ತು ಎಂಬುದೊಂದು ಬಿಟ್ಟರೆ ಹೋಲಿಕೆಗೆ ಏನೂ ಕೊರತೆಯಿರಲಿಲ್ಲ.

ಶ್ರಾವಣದ ಮೂರನೆಯ ಸೋಮವಾರ ಬಂತು. ತ್ರ್ಯಂಬಕೇಶ್ವರಕ್ಕೆ ಹೋಗುವ ಜನ ಪಂಚವಟಿಯಲ್ಲಿ ತುಂಬಿ ತುಳುಕುತ್ತಿದ್ದರು. ಮಾಣಿಗಳೆಲ್ಲ ರಜೆ ಹಾಕಿ ಬ್ರಹ್ಮಗಿರಿಯ ಪ್ರದಕ್ಷಿಣೆಗೆ ಹೋಗಿದ್ದರು. ಸರೋಜಿನಿ ಬೆಳಿಗ್ಗೆ ಹಿತ್ತಲಿಗೆ ಹೋಗಿ, ಗುಂಡಿಯೊಳಗಿನ ಮುಖ್ಯ ನಲ್ಲಿಯನ್ನು ಕಬ್ಬಿಣದ ಚಾವಿಯಿಂದ ತಿರುಗಿಸಿ ಬಂದ್ ಮಾಡಿದಳು. ಚಾವಿಯನ್ನು ಗೋಧಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ವಿಜ್ಞಾನಕ್ಕಾಗಿ ಇಷ್ಟಾದರೂ ಧೈರ್ಯ ಬೇಡವೇ ಎಂದು ತನಗೆ ತಾನೇ ಹೇಳಿಕೊಂಡಳು.

ಹೋಟೆಲಿನಲ್ಲಿ ಹಾಹಾಕಾರವೆದ್ದಿತು. ನೀರಿಲ್ಲದೆ ಸಾಂಬಾರೂ ಇಲ್ಲ, ಮಿಸಳ್ಳೂ ಇಲ್ಲ. ಶೀನ ಒಲೆ ಬಿಟ್ಟು ಏಳುವ ಹಾಗಿಲ್ಲ. ಉಳಿದವರು ಇಬ್ಬರೇ. ಮುದ್ದಣ್ಣ ಬಿದಿರಿನ ಗಳ ತಂದ, ಜಯಕರ ಹಂಡೆ ತಂದ. ಯಾರ ಮುಖವನ್ನೂ ಯಾರೂ ನೋಡದೆ ಓಣಿಯ ಮೇಲ್ತುದಿಯ ಗುಡಿಯ ಬಾವಿಗೆ ಹೋದರು. ತುಂಬಿದ ಹಂಡೆಯನ್ನು ಗಳಕ್ಕೆ ತೂಗುಹಾಕಿ, ಮುಂದೆ ತಮ್ಮ, ಹಿಂದೆ ಅಣ್ಣ, ಹೆಗಲು ಕೊಟ್ಟು ಹೊರಟರು. ಸರೋಜಿನಿ ಎದುರು ಮನೆಯ ಕಂಬದ ಮರೆಯಲ್ಲಿ ನಿಂತಿದ್ದಳು. ಮಳೆಗೆ ಪಾಚಿ ಕಟ್ಟಿದ ಮೆಟ್ಟಿಲಿನ ಬಳಿ ಹಂಡೆ ಒಮ್ಮೆ ವಾಲಿತು.

"ಏ, ಜಾರ್ತದೆ!" ಎಂಬ ಕೂಗು ಕೇಳಿಸಿತು.

ಕೂಗಿದ್ದು ಯಾರೆಂದು ಗಿರಾಕಿಗಳ ಗದ್ದಲದಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ಸರೋಜಿನಿಗೆ ತಿಳಿಯಿತು. ಆಮೇಲೆ "ಮೆಲ್ಲ", "ಬಲಕ್ಕೆ", "ನಿಲ್ಲು ಮಾರಾಯ, ಉಸಿರು ತಕ್ಕೊಳ್ತೇನೆ" ಎಂದು ಮಾತು ತಾನಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಅಣ್ಣ ತಮ್ಮ ಗಲ್ಲೆಯ ಹಿಂದೆ ಒಂದೇ ಬೆಂಚಿನಲ್ಲಿ ಕೂತು, ಮೂರು ವರ್ಷದ ಬಾಕಿ ಮಾತನ್ನೆಲ್ಲ ಚಹಾ ಆರುವವರೆಗೆ ಆಡಿದರು. ಸರೋಜಿನಿ ಸಂಜೆ ನಲ್ಲಿ ತಿರುಗಿಸಿ ನೀರು ಬಿಟ್ಟು, ಚಾವಿಯನ್ನು ಮತ್ತೆ ಹಿಟ್ಟಿನಲ್ಲೇ ಹೂತಿಟ್ಟಳು. ಮರುದಿನ ನೋಡಿದರೆ ಹಿಟ್ಟಿನ ಡಬ್ಬಿಯಲ್ಲಿ ಚಾವಿ ಇರಲಿಲ್ಲ. ಅಮ್ಮನ ಕೈಗೆ ಸಿಕ್ಕಿರಬೇಕು ಎಂದುಕೊಂಡು ತೆಪ್ಪಗಾದಳು.

ಮೂರೇ ದಿನದಲ್ಲಿ ಅಪ್ಪ, ಚಿಕ್ಕಪ್ಪ ಒಟ್ಟಿಗೆ ಅವಳನ್ನು ಕರೆದರು. ಸರೋಜಿನಿಯ ಎದೆ ಹಿಗ್ಗಿತು.

"ನಾವಿಬ್ಬರೂ ಕೂತು ಮಾತಾಡಿ ಆಯ್ತು," ಎಂದ ಮುದ್ದಣ್ಣ. "ಮನ್ಮಾಡಿನಲ್ಲಿ ನಮ್ಮ ಊರಿನವರದ್ದೇ ಹೋಟೆಲ್ ಉಂಟು. ಹುಡುಗ ಒಳ್ಳೆಯವ. ಈ ಭಾನುವಾರ ನಿನ್ನನ್ನು ನೋಡ್ಲಿಕ್ಕೆ ಬರ್ತಾರೆ."

"ಸ್ಟೇಷನ್ ಎದುರೇ ಹೋಟೆಲ್," ಎಂದು ಜಯಕರ ಸೇರಿಸಿದ.

"ಮತ್ತೆ ಔರಂಗಾಬಾದ್?"

"ಅದು ಬೇಡ" ಎಂದರು ಇಬ್ಬರೂ, ಒಂದೇ ಬಾಯಲ್ಲಿ. ಮೂರು ವರ್ಷದ ನಂತರ ಅವರು ಪೂರ್ತಿ ಒಪ್ಪಿದ ಮೊದಲನೆಯ ವಿಷಯ ಅದು.

ಪುಸ್ತಕದ ಹುಡುಗರು ರಾಜಿಯಾಗಿ ಒಂದೇ ಬಸ್ಸಿನಲ್ಲಿ ಊರಿಗೆ ಹೋದರು ಎಂಬಲ್ಲಿಗೆ ಕತೆ ಮುಗಿದಿತ್ತು. ಊರಿಗೆ ಹೋಗಿ ಯಾವ ಅಕ್ಕತಂಗಿಯ ಮದುವೆ ನಿಶ್ಚಯಿಸಿದರೆಂದು ಯಾವ ಪಂಡಿತರೂ ಬರೆದಿರಲಿಲ್ಲ. ಸರೋಜಿನಿ ಅಡುಗೆಮನೆಗೆ ಹೋಗಿ ಅತ್ತಳು.

"ನಿನಗೆ ಸುಮ್ಮನಿರು ಅಂದಿದ್ದೆ," ಎಂದಳು ಕುಸುಮಾವತಿ, ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ. "ಮಾತಿಲ್ಲದಿದ್ರೆ ಅವ ಒಪ್ಪಿದ ಅಂತ ಇವರು, ಇವರು ಒಪ್ಪಿದರು ಅಂತ ಅವ ತಿಳ್ಕೊಳ್ತಿದ್ರು. ಅಷ್ಟರಲ್ಲಿ ನಾನು ನಿನ್ನನ್ನು ಬಸ್ಸು ಹತ್ತಿಸ್ತಿದ್ದೆ. ಇಬ್ಬರೂ ಮಾತು ಬಿಟ್ಟ ಮೇಲೆ ಈ ಮನೆ ನಡೆದದ್ದು ಹೇಗೆ ಅಂತ ಗ್ರಹಿಸಿದ್ದಿ ನೀನು? ಅವರನ್ನು ಯಾವ ದೇವರು ಒಂದು ಮಾಡಿದನೋ!"

ಆ ದೇವರು ಸೆರಗಿನಲ್ಲಿ ಮೂಗೊರೆಸಿಕೊಂಡಿತು.

ಶನಿವಾರ ಮಧ್ಯಾಹ್ನ ಅಣ್ಣ ತಮ್ಮ ಅಕ್ಕಪಕ್ಕ ಊಟಕ್ಕೆ ಕೂತಿದ್ದರು. ಮರುದಿನ ಮನ್ಮಾಡಿನವರಿಗೆ ಏನು ತಿಂಡಿ ಮಾಡುವುದೆಂಬ ಚರ್ಚೆ ಜೋರಾಗಿತ್ತು. ಸಾರು ಬಡಿಸುತ್ತಿದ್ದ ಸರೋಜಿನಿ ಇಬ್ಬರ ನಗುವನ್ನೇ ನೋಡುತ್ತಾ ನಿಂತಳು. ಈ ನಗುವನ್ನು ತರಿಸಿದವಳೇ ಅವಳು. ಕೆಡಿಸಲು ಮನಸ್ಸು ಬರಲಿಲ್ಲ. ಆದರೆ ಮನ್ಮಾಡ್ ಸ್ಟೇಷನ್ನಿನ ಎದುರು ಜೀವಮಾನವಿಡೀ ಕೂರಲಿಕ್ಕೂ ಮನಸ್ಸು ಬರಲಿಲ್ಲ. ಸೌಟು ಹಿಡಿದುಕೊಂಡೇ ಕೇಳಿದಳು:

"ಅಲ್ಲ ಅಪ್ಪ, ಆ ಸೋಮವಾರ ಮೊದಲು ಮಾತಾಡಿದ್ದು ಯಾರು? ನೀವಾ, ಚಿಕ್ಕಪ್ಪನಾ?"

ಮುದ್ದಣ್ಣ ತಲೆಯೆತ್ತಿ ಮಗಳ ಮುಖವನ್ನೇ ನೋಡಿದ. ಅವಳ ಕಣ್ಣು ಕೆಂಪಾಗಿತ್ತು. ಆಮೇಲೆ ತಮ್ಮನ ಕಡೆ ತಿರುಗಿದ.

"ಇವನೇ. ಮತ್ತೆ ನಾನು ಮಾತಾಡ್ತೇನಾ?"

ಜಯಕರ ಕಲಸಿದ ತುತ್ತನ್ನು ಎಲೆಯ ಮೇಲೆ ಬಿಟ್ಟ. ಅವನೂ ಒಮ್ಮೆ ಸರೋಜಿನಿಯನ್ನು ನೋಡಿದ.

"ನಾನಾ? ಜಾರ್ತದೆ ಅಂತ ಬೊಬ್ಬೆ ಹಾಕಿದ್ದು ಯಾರು?"

"ನಿನ್ನ ಕಾಲಲ್ಲವಾ ಜಾರಿದ್ದು!"

"ಜಾರಿದ್ದು ಕಾಲು, ಬಾಯಲ್ಲ!"

ಮುಂದಿನದು ಓಣಿಯ ತುದಿಯವರೆಗೆ ಕೇಳಿಸಿತು. ಈರುಳ್ಳಿ ಬಂತು, ಶ್ರೀರಾಮ ಬಂದ. ಜಯಕರ ಅರ್ಧ ಊಟದಲ್ಲಿ ಎದ್ದುಹೋದ. "ಶೀನಾ!" ಎಂದು ಮುದ್ದಣ್ಣ ಕೂಗಿದ, "ನಾಳೆ ಬರುವುದು ಬೇಡ, ಮನೆಯಲ್ಲಿ ಮನಸ್ತಾಪ ಉಂಟು ಅಂತ ಮನ್ಮಾಡಿಗೆ ಫೋನ್ ಮಾಡ್ಲಿಕ್ಕೆ ಅವನಿಗೆ ಹೇಳು!" ಅಣ್ಣ ತಮ್ಮ ಕಚ್ಚಾಡುವ ಮನೆಗೆ ಹೆಣ್ಣು ನೋಡಲು ಯಾರು ತಾನೇ ಬರುತ್ತಾರೆ? ಶೀನ ನಿಟ್ಟುಸಿರುಬಿಟ್ಟು ಟಪಾಲಿನ ಕೆಲಸಕ್ಕೆ ಮರಳಿದ.

ಸರೋಜಿನಿ ಮತ್ತೆ ಕೇಳಿದಳು. "ಚಿಕ್ಕಪ್ಪನ ಹತ್ರ ಕೇಳು" ಎಂದ ಅಪ್ಪ. "ಅಣ್ಣನ ಹತ್ರ ಕೇಳು" ಎಂದ ಚಿಕ್ಕಪ್ಪ. ಕುಸುಮಾವತಿ ಟ್ರಂಕು ಇಳಿಸಿ, ಸೀರೆ ಮಡಚತೊಡಗಿದಳು.

ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಇಬ್ಬರೂ ಬಂದರು, ಬೇರೆ ಬೇರೆ ಟಾಂಗಾದಲ್ಲಿ. ಅಪ್ಪ ಚಕ್ಕುಲಿಯ ಡಬ್ಬಿ ಕೊಟ್ಟು ಕಣ್ಣೊರೆಸಿಕೊಂಡು ಒಂದು ದಿಕ್ಕಿಗೆ ಹೋದ. ಚಿಕ್ಕಪ್ಪ ಮಿಸಳ್ ಮೇಲೆ ಉದುರಿಸುವ ಖಾರದ ಫರಸಾಣನ್ನು ಕಾಗದದಲ್ಲಿ ಕಟ್ಟಿ ಕೊಟ್ಟು ಇನ್ನೊಂದು ದಿಕ್ಕಿಗೆ ಹೋದ. ಬಸ್ಸಿನಲ್ಲಿ ಕೂತ ಸರೋಜಿನಿಗೆ ದುಃಖ ಉಕ್ಕಿಬಂತು. ತನ್ನ ಓದಿಗಾಗಿ ಒಡಹುಟ್ಟಿದವರನ್ನು ಬೇರೆ ಮಾಡಿದೆನಲ್ಲ ಎಂದು ಇಳಿದುಹೋಗಿ ನಲ್ಲಿಯ ವಿಷಯವನ್ನೆಲ್ಲ ಹೇಳಿಬಿಡಲು ಎದ್ದಳು. ಎದ್ದ ರಭಸಕ್ಕೆ ಫರಸಾಣ್ ಪೊಟ್ಟಣ ತೊಡೆಯಿಂದ ಜಾರಿತು. ಹಿಡಿದುಕೊಂಡರೆ ತಿಂಡಿಗೆ ಮೀರಿದ ಭಾರ. ಬಿಚ್ಚಿ ನೋಡಿದಳು.

ಫರಸಾಣಿನ ನಡುವೆ ನಲ್ಲಿಯ ಕಬ್ಬಿಣದ ಚಾವಿ ಇತ್ತು. ಗೋಧಿಹಿಟ್ಟು ಇನ್ನೂ ಅಂಟಿಕೊಂಡೇ ಇತ್ತು.

ಸರೋಜಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಸ್ಟ್ಯಾಂಡಿನ ಮೂಲೆಯ ಚಹಾದ ಗಾಡಿಯ ಹತ್ತಿರ ಅವಳ ಅಪ್ಪ ಮತ್ತು ಚಿಕ್ಕಪ್ಪ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಒಂದೇ ಚಹಾ. ಕಪ್ಪು ಅಣ್ಣನ ಕೈಯಲ್ಲಿ, ಬಸಿ ತಮ್ಮನ ಕೈಯಲ್ಲಿ. ಅಂದರೆ ನೀರು ನಿಲ್ಲಿಸಿ ಹಂಡೆ ಹೊರಿಸಿದ್ದು ಯಾರೆಂದು ಅವರಿಗೆ ಮರುದಿನವೇ ಗೊತ್ತಾಗಿತ್ತು. ಸಾರು ಬಡಿಸುವಾಗ ಕೇಳಿದ್ದು ಏಕೆಂದು ಗೊತ್ತಾಗಿಯೇ ಜಗಳವಾಡಿದ್ದರು. ಬಾಯಿಬಿಟ್ಟು ಹೂಂ ಎನ್ನಲಾಗದ ಇಬ್ಬರು ಗಂಡಸರು ಅವಳಿಗಾಗಿ ಓಣಿಯ ಮುಂದೆ ಮತ್ತೆ ಮಾತು ಬಿಟ್ಟಿದ್ದರು.

ಅವಳ ಕೈಯಲ್ಲಿದ್ದ ಚಾವಿ ಕಂಡದ್ದೇ ಮುದ್ದಣ್ಣ ಸರಕ್ಕನೆ ಬೆನ್ನು ತಿರುಗಿಸಿದ. ಜಯಕರ ಬಸಿಯನ್ನೇ ಎತ್ತಿ ತೋರಿಸಿದ. ಬಸ್ಸು ಹೊರಟಿತು.

"ಏ ಸರೋಜಾ!" ಎಂದು ಚಿಕ್ಕಪ್ಪ ಕೂಗಿದ. "ನೀನು ಕಂಬದ ಹಿಂದೆ ಇದ್ದಿಯಲ್ಲ! ಮೊದಲು ಮಾತಾಡಿದ್ದು ಯಾರು, ಹೇಳಿ ಹೋಗು!"

ಮುದ್ದಣ್ಣನೂ ಈ ಕಡೆ ತಿರುಗಿ ಕಿವಿಗೆ ಕೈ ಹಿಡಿದು ನಿಂತ.

"ಎಂ.ಎ. ಮುಗಿದ ಮೇಲೆ ಹೇಳ್ತೇನೆ!" ಎಂದು ಸರೋಜಿನಿ ಅಳುತ್ತಲೂ ನಗುತ್ತಲೂ ಕೂಗಿದಳು.