ಒಣಗುವ ತನಕ

ಮೊರದಲ್ಲಿ ಬಿದ್ದಿರುವುದು ಕೂದಲು ಎಂದು ಹೊಳೆಯುವ ಮುಂಚೆ ಅವಳ ಕಣ್ಣಿಗೆ ಬಿದ್ದದ್ದು ಸುರುಳಿ, ಬಿಳಿಯ ದುಂಡನೆಯ ಒಂದು ಸುರುಳಿ, ನಡುವೆ ಹೆಬ್ಬೆರಳು ತೂರುವಷ್ಟು ಖಾಲಿ, ಹತ್ತಿ ಧೂಳು ಮಾತ್ರೆ ಕಿತ್ತ ಬೆಳ್ಳಿಹಾಳೆ ಇವೆಲ್ಲದರ ಮೇಲೆ ಯಾರೋ ಮೆಲ್ಲಗೆ ಎತ್ತಿಟ್ಟ ಹಾಗೆ — ಗುಡಿಸುವ ಹೆಂಗಸು ಮೊರವನ್ನು ವಾರ್ಡಿನ ಬಾಗಿಲಲ್ಲೇ ನೆಲಕ್ಕಿಟ್ಟು ಮಂಚದಡಿಗೆ ಪೊರಕೆ ತೂರಿಸುತ್ತಿದ್ದಾಳೆ, ದಾಟ್ಕೊಂಡು ಹೋಗಿಯಮ್ಮ ಅನ್ನುತ್ತಿದ್ದಾಳೆ, ಹೇಗೆ ದಾಟುವುದು, ಇದು ಅಕ್ಕನ ಕೂದಲು ಸುತ್ತುವ ಹಳದಿ ರೋಲರಿನದಲ್ಲವೇ, ಹಳದಿಯದೇ, ಎಡಗಿವಿಯ ಮೇಲಿನದು, ಬುಧವಾರ ತಾನೇ ಕೂತು ಸುತ್ತಿದ್ದು, ತನ್ನ ಕೈಬರಹ ತನಗೇ ಗುರುತು ಸಿಗುವುದಿಲ್ಲವೇ, ಅಗಸೆಬೀಜ ಕುದಿಸಿ ಸೋಸಿದ ಲೋಳೆ ಹಚ್ಚಿ, ತುದಿಯನ್ನು ತೆಳುಗಾಗದದಲ್ಲಿ ಮಡಚಿ ಹಿಂದಕ್ಕೆ ಸುತ್ತಿದ್ದು, ಮುಂದಕ್ಕಲ್ಲ, ಮುಂದಕ್ಕೆ ಸುತ್ತಿದರೆ ಅಕ್ಕನ ಮುಖ ಪರದೆ ಎಳೆದ ಕಿಟಕಿಯ ಹಾಗೆ ಕಾಣುತ್ತದೆ — ಕೈಚೀಲದೊಳಗೆ ರೋಲರುಗಳ ಪ್ಲಾಸ್ಟಿಕ್ ಹಿಡಿಗಳು ಒಂದಕ್ಕೊಂದು ತಾಗಿ ಟಿಕ್ ಟಿಕ್ ಎನ್ನುತ್ತಿವೆ. ಕಿಟಕಿಯ ಪಕ್ಕದ ಮಂಚದಲ್ಲಿ ಅಕ್ಕ ದಿಂಬಿಗೊರಗಿ ಕೂತಿದ್ದಾಳೆ, ಅಕ್ಕನೇ, ಆದರೆ ತಲೆ ಯಾರದೋ, ಕುರಿಯ ಉಣ್ಣೆ ತೆಗೆದ ಹಾಗೆ ಅಲ್ಲಲ್ಲಿ ಗೀರು, ಉಳಿದಿರುವುದು ಎರಡು ಬೆರಳಗಲ, ಅಕ್ಕನ ಕಿವಿಗಳು ಇಷ್ಟು ದೊಡ್ಡವು ಎಂದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲವಲ್ಲ. ಯಾರು ಮಾಡಿದ್ದು ಇದನ್ನ, ಎಂದು ಕೇಳಿದ್ದು ತನ್ನ ದನಿಯೇ ಇರಬೇಕು, ಯಾಕೆಂದರೆ ವಾರ್ಡಿನ ಮೇಲ್ವಿಚಾರಕಿ ಬಂದು ನಿಂತಿದ್ದಾಳೆ, ಎದೆಯ ಮೇಲೆ ತಲೆಕೆಳಗಾದ ಪುಟ್ಟ ಗಡಿಯಾರ ನೇತುಹಾಕಿಕೊಂಡವಳು, ಗಡಿಯಾರಮ್ಮ ಎಂದು ತಾನು ಗುಟ್ಟಾಗಿ ಹೆಸರಿಟ್ಟಾಗ ಅಕ್ಕನ ಎಡಗೆನ್ನೆ ನಕ್ಕಿತ್ತು, ಬಲಗೆನ್ನೆ ಪಾರ್ಶ್ವವಾಯು ಹೊಡೆದ ದಿನದಿಂದ ನಗುವುದಿಲ್ಲ. ತೊಳೆಯೋಕೆ ಸುಲಭ ಆಗುತ್ತೆ ಅಂತ ಬೆಳಿಗ್ಗೆ ತೆಗೆಸಿದ್ವಿ, ಎಲ್ಲರಿಗೂ ತೆಗೆಸ್ತೀವಿ, ಅವರನ್ನ ಕೇಳಿಯೇ ತೆಗೆಸಿದ್ದು. ಮಾತೇ ಬರದವಳನ್ನ ಕೇಳಿದ್ರಾ? ಕೇಳಿದ್ವಮ್ಮ, ತಲೆಯಾಡಿಸಿದ್ರು.

ತಲೆಯಾಡಿಸಿದಳು. ತಲೆಯಾಡಿಸಿದಳಂತೆ. ಅಯ್ಯೋ ಪುಣ್ಯಾತ್ಗಿತ್ತಿ, ಅವಳು ತಲೆಯಾಡಿಸದೆ ಇದ್ದದ್ದು ಯಾವಾಗ, ಟೆಲಿಫೋನ್ ಕಚೇರಿಯ ಸ್ವಿಚ್‌ಬೋರ್ಡಿನ ಮುಂದೆ ಆಯುಸ್ಸು ಸವೆಸಿದವಳು, ಕಿವಿಗೆ ಯಾರ ದನಿ ಬಿದ್ದರೂ ತಲೆ ತಾನಾಗಿ ಆಡುತ್ತದೆ, ಅದು ಹೂಂ ಅಲ್ಲ, ಕೇಳಿಸ್ತಾ ಇದೆ ಅಂತ, ಲೈನಿನಲ್ಲಿದ್ದೀನಿ ಅಂತ, ಆ ತುದಿಯವನಿಗೆ ನಿನ್ನ ತಲೆ ಕಾಣುತ್ತಾ ಎಂದು ತಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಕಾಣಲ್ಲ ಕಣೇ, ಆದ್ರೆ ಕಿವಿ ತೆರೆದಿದೀನಿ ಅಂತ ನನಗಾದ್ರೂ ಗೊತ್ತಿರಬೇಕಲ್ಲ ಅಂದಿದ್ದಳು, ಮತ್ತೆ ಆ ಲೆಕ್ಕಪತ್ರ ವಿಭಾಗದ ಬಡಪಾಯಿ, ಬಸ್ ನಿಲ್ದಾಣದಲ್ಲಿ ಸಂಜೆಯೆಲ್ಲ ತನ್ನ ಮನಸ್ಸನ್ನು ತೋಡಿಕೊಂಡಿದ್ದನಂತೆ, ಅಕ್ಕ ಸಂಜೆಯೆಲ್ಲ ತಲೆಯಾಡಿಸಿದ್ದಳಂತೆ, ಮರುದಿನ ಅವನ ತಾಯಿ ಸಿಹಿಯ ಡಬ್ಬಿ ಹಿಡಿದು ಮನೆ ಬಾಗಿಲಿಗೆ, ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅಕ್ಕ ರೋಲರ್ ಕಟ್ಟಿಕೊಂಡ ತಲೆಯಲ್ಲೇ ಒಳಗಿನಿಂದ ಬಂದು, ನಾನು ಕೇಳಿಸಿಕೊಂಡೆ ಅಷ್ಟೇ, ಒಪ್ಪಿಕೊಳ್ಳಲಿಲ್ಲ ಅಂದಳು, ಎರಡು ಬೆರಳಲ್ಲಿ ಗಾಳಿಯನ್ನು ಚಿವುಟಿ ಹಿಂದಕ್ಕೆಳೆದು ತೋರಿಸಿದಳು, ಬೋರ್ಡಿನಿಂದ ತಂತಿ ಕೀಳುವ ಹಾಗೆ, ಲೈನ್ ಕಟ್, ಅದು ಅವಳ ಇಲ್ಲ, ಅಂದಿನಿಂದ ಇಂದಿನವರೆಗೆ ಮನೆಯಲ್ಲಿ ಅವಳ ಇಲ್ಲ ಅಂದರೆ ಅದೇ. ಡಬ್ಬಿ ಮಾತ್ರ ವಾಪಸ್ ಹೋಗಲಿಲ್ಲ, ತಮ್ಮ ಅಷ್ಟರಲ್ಲಿ ಅರ್ಧ ಮುಗಿಸಿದ್ದ. ಯಾರ ಕಣ್ಣಿಗೂ ಬೀಳದ ಕೆಲಸ, ಆದರೂ ವಾರಕ್ಕೆರಡು ಸಲ ಕೂದಲು ಸೆಟ್ ಮಾಡಿಕೊಳ್ಳದೆ ಹೋದವಳಲ್ಲ, ಫೋನಿನಲ್ಲಿ ನಿನ್ನ ತಲೆ ಯಾರು ನೋಡ್ತಾರೆ ಎಂದು ಅಮ್ಮ ರೇಗಿದರೆ, ಕೂದಲು ನಿಂತ್ಕೊಂಡ್ರೆ ದನಿ ನಿಂತ್ಕೊಳ್ಳುತ್ತೆ ಅನ್ನುತ್ತಿದ್ದಳು, ಹೌದು, ಅವಳ ದನಿ ನಿಲ್ಲುತ್ತಿತ್ತು, ಬಯ್ಯುವವರ ಎದುರೂ ಅಳುವವರ ಎದುರೂ. ಮೊದಲು ಹಳೆ ಸೀರೆಯ ಚೂರು ಸುತ್ತಿ ಕಟ್ಟುತ್ತಿದ್ದದ್ದು, ಆಮೇಲೆ ತಗಡಿನ ರೋಲರ್ ಬಂದವು, ದಿಂಬಿಗೆ ತಲೆಯಿಟ್ಟರೆ ಮೊಳೆಯ ಮೇಲೆ ಮಲಗಿದ ಹಾಗೆ, ಆಮೇಲೆ ಅಂಟುಮುಳ್ಳಿನವು, ಪಿನ್ನೇ ಬೇಡ ತಾನೇ ಕಚ್ಚಿಕೊಳ್ಳುತ್ತೆ ಎಂದು ಅಂಗಡಿಯವನು ಕೊಂಡಾಡಿದ್ದ, ಕಚ್ಚಿಕೊಂಡಿತು, ಬಿಡಲೇ ಇಲ್ಲ, ಒದ್ದೆ ಕೂದಲಿಗೆ ಹಾಕಿದ್ದು ತನ್ನದೇ ತಪ್ಪು, ಒಂದೊಂದೇ ಎಳೆ ಬಿಡಿಸುತ್ತ ಅಕ್ಕ ಅರ್ಧ ಮಧ್ಯಾಹ್ನ ಕೂತಿದ್ದಳು, ಕತ್ತರಿ ತರಲಾ ಎಂದದ್ದಕ್ಕೆ ತಿರುಗಿ ನೋಡಿದ ನೋಟ — ಕತ್ತರಿಯಾ? ರೋಲರ್ ಹಾಳಾದ್ರೆ ರೋಲರ್ ಕತ್ತರಿಸು, ತಲೆ ಯಾಕೆ ಕತ್ತರಿಸ್ತೀಯ. ರೋಲರನ್ನೇ ಕತ್ತರಿಸಿದ್ದರು. ಕೊನೆಗೆ ಸಿಕ್ಕಿದ್ದು ಈ ಸ್ಪಂಜಿನವು, ಮೆತ್ತಗೆ, ಹಾಕಿಕೊಂಡೇ ನಿದ್ದೆ ಮಾಡಬಹುದು, ಚಪ್ಪಲಿ ಕೊಳ್ಳುವಾಗ ಕಾಲು ನೋಡಿದ ಹಾಗೆ ರೋಲರ್ ಕೊಳ್ಳುವಾಗ ತಲೆ ನೋಡಬೇಕು, ಬಣ್ಣ ನೋಡಿ ಮರುಳಾಗಬೇಡ ಎಂದು ಹೇಳಿ ಬಣ್ಣ ನೋಡಿಯೇ ಕೊಂಡವಳು, ದಪ್ಪ ಗುಲಾಬಿ ನೆತ್ತಿಗೆ, ಹಳದಿ ಕಿವಿಯ ಮೇಲಕ್ಕೆ, ಸಣ್ಣ ನೀಲಿ ಕತ್ತಿನ ಹಿಂದಕ್ಕೆ, ರೋಲರಿನ ಅಗಲಕ್ಕಿಂತ ಹೆಚ್ಚು ಕೂದಲು ತೆಗೆದುಕೊಳ್ಳಬೇಡ, ತುದಿ ಕಾಗದದೊಳಗೆ ಹೋಗಲಿ, ಇಲ್ಲದಿದ್ದರೆ ಮೀನಿನ ಗಾಳದ ಹಾಗೆ ಸೊಟ್ಟಗಾಗುತ್ತೆ, ತೊಯ್ದಿರಬಾರದು, ತೇವ ಇರಬೇಕು, ಮತ್ತೆ ನೆತ್ತಿಯ ಗುಲಾಬಿಗಳ ನಡುವೆ ಒಂದು ದಾರಿ ಬಿಡಬೇಕು, ಕಿವಿಗೆ ಹಾಕುವ ಫೋನಿನ ಪಟ್ಟಿ ಕೂರುವ ದಾರಿ, ನಿವೃತ್ತಿಯಾಗಿ ಪಟ್ಟಿ ಹೋಗಿ ಎಷ್ಟೋ ಕಾಲವಾದರೂ ಆ ದಾರಿ ಹೋಗಲಿಲ್ಲ, ಬುಧವಾರವೂ ಬಿಟ್ಟಿದ್ದೆನಲ್ಲ, ಈ ಮಂಚದ ಮೇಲೆ, ಅಕ್ಕ ಎಡಗೈಯಿಂದ ತಡವಿ ನೋಡಿ ಸರಿ ಇದೆ ಎಂದು ಕಣ್ಣಲ್ಲೇ ಅಂದಿದ್ದಳು. ಎಲ್ಲಕ್ಕಿಂತ ಮುಖ್ಯ ಒಣಗುವುದು. ಒಣಗೋ ತನಕ ಮುಟ್ಟಬೇಡ, ಅವಸರದವಳೇ. ಎಷ್ಟು ಹೊತ್ತು? ಒಣಗೋ ತನಕ.

ಕೈಯಲ್ಲಿ ಫೋನು, ಫೋನಿನಲ್ಲಿ ತಮ್ಮ, ತಾನೇ ಹಚ್ಚಿದ್ದೋ ಅವನೇ ಮಾಡಿದ್ದೋ, ನೀನೊಬ್ಬಳು ಕಣೇ, ಎರಡು ಎಳೆ ಕೂದಲಿಗೆ ಇಷ್ಟು ರಂಪ ಮಾಡ್ತೀಯಲ್ಲ, ಬೆಳೆಯುತ್ತೆ ಬಿಡು ಎಂದು ಸಮಾಧಾನ ಹೇಳುತ್ತಿದ್ದಾನೆ, ಸಮಾಧಾನದ ಬಾಲದಲ್ಲಿ ಇನ್ನೊಂದು ಮಾತು ಅಂಟಿಸುತ್ತಿದ್ದಾನೆ, ಹೇಗೂ ಇವತ್ತು ಮಧ್ಯಾಹ್ನ ಹಿಂದಿನ ಕಟ್ಟಡಕ್ಕೆ ಕಳಿಸ್ತಾರಂತೆ, ಅಲ್ಲಿ ಚೆನ್ನಾಗಿ ನೋಡ್ಕೋತಾರಂತೆ, ಅಕ್ಕನೂ ಒಪ್ಪಿದ್ದಾಳಂತೆ. ಒಪ್ಪಿದ್ದಾಳೆ ಅಂತ ಯಾರು ಹೇಳಿದ್ದು? ಕೇಳಿದ್ರಂತೆ, ತಲೆಯಾಡಿಸಿದಳಂತೆ. ಹಿಂದಿನ ಕಟ್ಟಡ — ಅದರ ಕಿಟಕಿಗಳನ್ನು ನೋಡಿದ್ದೇನೆ, ಮಾತು ಕಲಿಸುವ ಮೇಷ್ಟ್ರು ಅಲ್ಲಿಗೆ ಹೋಗುವುದಿಲ್ಲ, ಮನೆಯವರನ್ನು ತಿಂಗಳಿಗೊಮ್ಮೆ ಬಿಡುತ್ತಾರೆ, ಇನ್ನು ಸುಧಾರಿಸುವುದಿಲ್ಲ ಎಂದು ಕೈಬಿಟ್ಟವರನ್ನು ಇಡುವ ಜಾಗ ಅದು, ಒಮ್ಮೆ ಒಳಗೆ ಹೋದವರು ಈ ಕಡೆಗೆ ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ, ಹೋದ ವಾರವಷ್ಟೇ ಅಕ್ಕ ಮೇಷ್ಟ್ರ ಎದುರು ಹ ಅಂದಿದ್ದಳು, ಬರೀ ಹ, ಹಲೋ ಅನ್ನುವುದರ ಅರ್ಧ, ಆದರೂ ಅದು ನಿಂತ ದನಿ, ಮತ್ತೆ ಇವರು ಮೊದಲು ಕೂದಲು ತೆಗೆದರು, ಆಮೇಲೆ ಜಾಗ ತೆಗೆಯುತ್ತಾರೆ, ಎಲ್ಲ ಅವಳ ಒಪ್ಪಿಗೆಯಿಂದಲೇ, ಎಂಥ ಮರ್ಯಾದಸ್ಥರು, ಕೇಳದೆ ಏನನ್ನೂ ಮಾಡುವುದಿಲ್ಲ, ಕೇಳುವುದು ಅಂದರೆ ಎದುರಿಗಿರುವವಳು ಏನು ಹೇಳಿದಳು ಎಂದು ನೋಡುವುದಲ್ಲ, ತಮಗೆ ಬೇಕಾದದ್ದು ಸಿಕ್ಕಿತು ಎಂದು ಗಡಿಯಾರ ನೋಡುವುದು. ಫೋನಿಟ್ಟು ಗಡಿಯಾರಮ್ಮನಿಗೆ ಅಂದಳು, ಸರಿ, ಕೇಳೋಣ, ನಿಮ್ಮೆದುರಿಗೇ ಕೇಳ್ತೀನಿ, ನೋಡಿ. ಅಕ್ಕಾ, ನಿನಗೆ ಮದುವೆ ಆಗಿದೆಯಾ? ತಲೆ ಆಡಿತು. ಏಳು ಮಕ್ಕಳಾ? ಆಡಿತು. ನಾನು ನಿನ್ನ ಅತ್ತೆಯಾ? ಎಡಗೆನ್ನೆ ನಕ್ಕು, ತಲೆ ಆಡಿತು. ನೋಡಿದ್ರಾ, ಈಗ ಹೇಳಿ, ಏಳು ಮಕ್ಕಳ ತಾಯಿಯನ್ನ ಕೇಳಿ ಕತ್ತರಿಸಿದ್ರಾ ಎಂದು ಗೆದ್ದವಳ ಹಾಗೆ ತಿರುಗಿದರೆ ಗಡಿಯಾರಮ್ಮನ ಮುಖದಲ್ಲಿ ಮರುಕ, ಥೂ, ಆ ಮರುಕ, ನಾನೂ ಅದನ್ನೇ ಹೇಳ್ತಿರೋದಮ್ಮ, ಅವರಿಗೆ ಏನೂ ತಿಳಿಯಲ್ಲ, ಅದಕ್ಕೇ ಹಿಂದಿನ ಕಟ್ಟಡ. ಬೆಳಿಗ್ಗೆ ಅವಳ ತಲೆಯಾಟ ಒಪ್ಪಿಗೆ, ಈಗ ಅದೇ ತಲೆಯಾಟ ಬುದ್ಧಿಯಿಲ್ಲದ್ದು, ಒಂದೇ ತಲೆ, ಹೇಗೆ ಆಡಿದರೂ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ, ಮತ್ತೆ ಅದಕ್ಕೆ ಎಣ್ಣೆ ಹಾಕಿಕೊಟ್ಟವಳು ತಾನೇ, ಜಾಣೆ, ಮಹಾ ಜಾಣೆ — ಅಷ್ಟರಲ್ಲಿ ಹೊದಿಕೆಯೊಳಗಿಂದ ಅಕ್ಕನ ಎಡಗೈ ಮೇಲೆದ್ದಿತು, ಎರಡು ಬೆರಳು ಗಾಳಿಯನ್ನು ಚಿವುಟಿ ಹಿಂದಕ್ಕೆಳೆದವು, ಗಡಿಯಾರಮ್ಮನ ಮುಖವನ್ನೇ ನೋಡುತ್ತ ಇನ್ನೊಮ್ಮೆ ಎಳೆದವು, ತಲೆ ಆಡುತ್ತಲೇ ಇತ್ತು, ಕೇಳಿಸಿಕೊಂಡೆ, ಒಪ್ಪಿಕೊಳ್ಳಲಿಲ್ಲ, ಇದಕ್ಕಿಂತ ಸ್ಪಷ್ಟವಾಗಿ ಲೋಕದಲ್ಲಿ ಯಾರಾದರೂ ಇಲ್ಲ ಅಂದಿದ್ದಾರೆಯೇ. ನೋಡಿ, ಅವಳ ಕೈ ನೋಡಿ, ಬೇಡ ಅಂತಿದ್ದಾಳೆ. ಕೈ ನಡುಗುತ್ತೆ, ಇಂಥವರಿಗೆ ಅದು ಸಾಮಾನ್ಯ ಅಂದಳು ಗಡಿಯಾರಮ್ಮ, ಬಾಗಿಲ ಕಡೆ ತಿರುಗಿ ಗಾಡಿ ತನ್ನಿ ಅಂದಳು.

ಗಾಡಿಯ ಒಂದು ಚಕ್ರ ಕೀಚಲು, ಬರುತ್ತಿರುವುದು ಕೇಳಿಸುತ್ತದೆ, ಕೂಗಾಡಬೇಕು, ತಳ್ಳಾಡಬೇಕು, ಆದರೆ ಕೂಗಿದರೆ ನಿಮಗೂ ತಲೆ ಸರಿಯಿಲ್ಲ ಅನ್ನುತ್ತಾರೆ, ಇವರ ಹತ್ತಿರ ಎಲ್ಲದಕ್ಕೂ ಕಟ್ಟಡ ಇದೆ — ಕೈ ಆಗಲೇ ಚೀಲದೊಳಗಿದೆ, ಲೋಳೆಯ ಸೀಸೆ, ಬಾಚಣಿಗೆ, ಕಾಗದ, ಗುಲಾಬಿ ಬೇಡ, ಹಳದಿ ಬೇಡ, ಇಷ್ಟು ಗಿಡ್ಡ ಕೂದಲಿಗೆ ಅವು ನಿಲ್ಲುವುದಿಲ್ಲ, ನೀಲಿ, ಬೆರಳಿಗಿಂತ ತೆಳ್ಳಗಿನ ನೀಲಿ, ಕಬ್ಬಿಣದ ಸ್ಟೂಲನ್ನು ಮಂಚಕ್ಕೂ ಬಾಗಿಲಿಗೂ ನಡುವೆ ಎಳೆದು ಕೂತಳು, ಅಕ್ಕನ ಹಣೆಯ ಮೇಲೆ ಉಳಿದ ಚೂರನ್ನು ತೇವ ಮಾಡಿ ಕಾಗದ ಮಡಚಿ ಸುತ್ತಿದಳು, ಜಾರಿತು, ಮತ್ತೆ ಸುತ್ತಿದಳು, ಹಿಡಿಯಿತು, ಪಕ್ಕದ್ದು, ಹಿಡಿಯಿತು, ನಡುವೆ ದಾರಿ ಬಿಟ್ಟಳು, ಅಕ್ಕನ ಎಡಗೈ ಮೇಲೇರಿ ದಾರಿಯನ್ನು ತಡವಿ ನೋಡಿ ಇಳಿಯಿತು. ಏನಮ್ಮ ಇದು, ಗಾಡಿ ಬಂದಿದೆ. ಕೂದಲು ಸೆಟ್ ಮಾಡ್ತಾ ಇದೀನಿ, ಅಲ್ಲಾಡಿಸೋ ಹಾಗಿಲ್ಲ. ಎಷ್ಟು ಹೊತ್ತು? ಒಣಗೋ ತನಕ. ಗಡಿಯಾರಮ್ಮ ಎದೆಯ ಗಡಿಯಾರವನ್ನು ಎತ್ತಿ ನೋಡಿದಳು, ಅದರಲ್ಲಿ ಈ ಹೊತ್ತಿಗೆ ಮುಳ್ಳೇ ಇರಲಿಲ್ಲವೇನೋ, ಡಾಕ್ಟರನ್ನೇ ಕರೀತೀನಿ ಅಂದಳು. ಕರೀರಿ, ಅಕ್ಕನ ಕೈ ಮಾತಾಡೋದನ್ನ ಅವರೂ ನೋಡಲಿ, ನಿಂತು ನೋಡಲಿ, ಇವತ್ತಲ್ಲದಿದ್ರೆ ನಾಳೆ, ನಾನಂತೂ ಇಲ್ಲೇ ಇರ್ತೀನಿ. ಗಾಡಿಯವನು ಒಳಗೆ ಒಂದು ಚಕ್ರ ಇಟ್ಟ, ಆಗ ಗುಡಿಸುವ ಹೆಂಗಸು, ಇಷ್ಟು ಹೊತ್ತೂ ಮಂಚದಡಿ ಗುಡಿಸುತ್ತಿದ್ದವಳು, ಬಕೆಟ್ಟಿನ ನೀರನ್ನು ಬಾಗಿಲ ಉದ್ದಕ್ಕೂ ಧಾರಾಳವಾಗಿ ಚೆಲ್ಲಿ ಒರೆಸುವ ಕೋಲನ್ನು ಅಡ್ಡ ಹಿಡಿದಳು, ನೆಲ ಒದ್ದೆ ಇದೆ ಕಣಪ್ಪ, ಒಣಗೋ ತನಕ ಬರಬೇಡ. ನೀರು ಹರಿದು ಬರುವ ಮುಂಚೆ ಅವಳು ಮೊರವನ್ನು ಎತ್ತಿ ಒಣಜಾಗ ಹುಡುಕಿ ಅಕ್ಕನ ಮಂಚದ ಕಾಲ ಬಳಿ ಇಟ್ಟಿದ್ದಳು, ಅಲ್ಲೇ ಇದೆ, ಸ್ಟೂಲಿನಿಂದ ಬಗ್ಗಿದರೆ ಕೈಗೆ ಸಿಗುವಷ್ಟು ದೂರ, ಎತ್ತಿಕೊಳ್ಳಲೇ, ಬೇಡ, ಮುಟ್ಟಬಾರದು, ಬಾಗಿಲಿಂದ ಗಾಳಿ ಬೀಸುತ್ತಿದೆ, ಹತ್ತಿ ಹಾರಿತು, ಬೆಳ್ಳಿಹಾಳೆ ಮಗುಚಿತು, ಎಲ್ಲೋ ಕಾರಿಡಾರಿನ ಕೊನೆಯಲ್ಲಿ ಬೂಟಿನ ಸದ್ದು, ಹತ್ತಿರವಾಗುತ್ತಿದೆ, ನೀಲಿ ರೋಲರಿನ ಮೇಲೆ ಬೆರಳು, ಇನ್ನೂ ತೇವ, ಮತ್ತೆ ಮೊರದಲ್ಲಿ ಆ ಸುರುಳಿ, ತಲೆಯಿಲ್ಲ, ರೋಲರಿಲ್ಲ, ಹಿಡಿದಿಡುವವರು ಯಾರೂ ಇಲ್ಲ, ಹಿಂದಕ್ಕೆ ಸುತ್ತಿದ್ದು ಹಿಂದಕ್ಕೇ, ದುಂಡಗೆ, ಬಿಟ್ಟುಕೊಡದೆ.