ಆಡು ಮುಟ್ಟದ ಸೊಪ್ಪು

ಖಂಡೆಪ್ಪನ ಬಾಯಲ್ಲಿ ಬಾರದ ಮಾತಿಲ್ಲ, ಒಂದನ್ನು ಬಿಟ್ಟು. ‘ತಪ್ಪಾತು’ ಎಂಬ ಆ ಒಂದು ಮಾತು ಮಾತ್ರ ಮೀಸೆಯ ತನಕ ಬಂದು ಹೊಳ್ಳಿ ಹೋಗುತ್ತಿತ್ತು. ಗಾಡಿ ಉರುಳಿದರೆ ತಪ್ಪು ಗಾಲಿಯದು, ಬಿತ್ತಿದ್ದು ಮೊಳೆಯದಿದ್ದರೆ ತಪ್ಪು ಮಳೆಯದು, ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ತಪ್ಪು ಉಪ್ಪಿನದು. ಮದುವೆಯಾದಾಗಿನಿಂದ ಆ ಮಾತಿಗೆ ಕಾದ ಹೆಂಡತಿ ಬಾಳಮ್ಮ, ಈಗ ಕಾಯುವುದನ್ನೇ ಒಂದು ಮೋಜು ಮಾಡಿಕೊಂಡಿದ್ದಳು.

ಹಾಗೆಂದು ಇದ್ದದ್ದನ್ನು ಇಲ್ಲವೆನ್ನಬಾರದು. ಊರ ಹಳ್ಳಕ್ಕೆ ಮತ್ತೆ ಜೀವ ಬಂದದ್ದು ಅವನ ಹಟದಿಂದಲೇ. ಗೊಳಸಂಗಿಯ ಆಚೆ ಎರಡು ದಿಬ್ಬಗಳ ನಡುವೆ ಇಳಿಯುವ ಆ ಹಳ್ಳದ ತುಂಬ ಬಳ್ಳಾರಿ ಜಾಲಿ ಹಬ್ಬಿ, ನಾಯಿ ಕೂಡ ಒಳಗೆ ನುಗ್ಗಲು ಹಿಂದೆಮುಂದೆ ನೋಡುತ್ತಿತ್ತು. ವರತೆಗಳು ಬತ್ತಿದ್ದವು. ದಂಡೆಯ ಹಳೆಯ ಬನ್ನಿ ಗಿಡವೂ ಒಣಗಿ, ಕೊನೆಗೆ ಮೋಟು ಮಾತ್ರ ಉಳಿದಿತ್ತು. ದಸರೆಯ ದಿನ ಬನ್ನಿ ಎಲೆ ಕೊಟ್ಟು “ಬಂಗಾರದಂಗ ಇರೋಣು” ಅನ್ನಬೇಕಲ್ಲ, ಆ ಎಲೆಯನ್ನು ಪಕ್ಕದೂರಿಗೆ ಹೋಗಿ ಬೇಡಿ ತರಬೇಕಿತ್ತು. “ಬಂದ್ರಪಾ, ಬಂಗಾರ ಬೇಡೋ ಊರಿನವ್ರು!” ಎಂದು ಅಲ್ಲಿಯವರು ನಗುತ್ತಿದ್ದರು. ಜಾಲಿ ಮುಳ್ಳಿಗಿಂತ ಆ ನಗೆಯೇ ಖಂಡೆಪ್ಪನಿಗೆ ಹೆಚ್ಚು ನಟ್ಟಿತ್ತು.

ಅದಕ್ಕೆ ಅವನು ಸೋಮವಾರವನ್ನು ಹಿಡಿದ. ಬಸವಣ್ಣನ ವಾರವೆಂದು ಈ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. “ಸೂಟಿ ಎತ್ತಿಗೈತಿ, ನಿಮಗ ಯಾರು ಕೊಟ್ಟಾರ? ನಡೀರಿ ಹಳ್ಳಕ್ಕ!” ಎಂದು ಕಟ್ಟೆಯ ಮೇಲೆ ಒರಗಿದವರನ್ನೆಲ್ಲ ಎಬ್ಬಿಸಿದ. ಬೈದುಕೊಂಡೇ ಬಂದರು, ಬಂದವರು ದುಡಿದರು. ಜಾಲಿಯನ್ನು ಬೇರುಸಹಿತ ಕಿತ್ತರು, ಕಲ್ಲಿನ ಒಡ್ಡು ಹಾಕಿದರು. ವರತೆಯಲ್ಲಿ ನೀರು ಜಿನುಗಿದ ದಿನ ಮುದುಕರೂ ಬಗ್ಗಿ ಕುಡಿದು ಕಣ್ಣೊರೆಸಿಕೊಂಡರು.

ಆಮೇಲೆ ಊರೆಲ್ಲ ಕೂಡಿ ಒಂದು ಕಟ್ಟಳೆ ಮಾಡಿತು. ಹೊಸ ಚಿಗುರು ಬಲಿಯುವ ತನಕ ಹಳ್ಳಕ್ಕೆ ಯಾರ ಆಡೂ ಇಳಿಯಬಾರದು. ಮೊಟ್ಟಮೊದಲು ಗೂಟ ಕಂಡದ್ದು ಬಾಳಮ್ಮನ ಆಡು. ನಡಿಗೆಯ ಗತ್ತಿಗೆ ಅದಕ್ಕೆ ದೇಸಾಯಿಣಿ ಎಂಬ ಹೆಸರಿತ್ತು.

ಇಷ್ಟಾದ ಮೇಲೆ ಸುಮ್ಮನಿದ್ದರೆ ಅವನು ಖಂಡೆಪ್ಪನೇ ಅಲ್ಲ. ಬೇಸಿಗೆಯಲ್ಲಿ ಒಂದು ದೊಡ್ಡ ಕುರಿಹಿಂಡು ಆ ದಾರಿಯಲ್ಲಿ ಬಂತು. ಹೊಲದಲ್ಲಿ ಕುರಿ ತಂಗಿಸಿದರೆ ಹಿಕ್ಕೆಯೇ ಗೊಬ್ಬರವಾಗುವುದು ಎಲ್ಲರಿಗೂ ಗೊತ್ತು. ಖಂಡೆಪ್ಪ ಯಾರನ್ನೂ ಕೇಳದೆ ಇಡೀ ಹಿಂಡನ್ನು ಹಳ್ಳದಲ್ಲಿ ತಂಗಿಸಿಬಿಟ್ಟ.

“ನನ್ನ ಆಡು ಹೋದ್ರ ಕಟ್ಟಳಿ, ನಿಮ್ಮ ಕುರಿ ಬಂದ್ರ ಗೊಬ್ಬರೇನ್ರಿ?” ಎಂದಳು ಬಾಳಮ್ಮ.

“ಅವು ಮೇಯಾಕ ಬಂದಿಲ್ಲ, ಮಲಗಾಕ ಬಂದಾವ” ಎಂದ ಖಂಡೆಪ್ಪ.

ಮುಂಗಾರು ಬಿದ್ದಿತು. ಹಳ್ಳದ ತುಂಬ ಸಣ್ಣ ಸಣ್ಣ ಎಲೆಯ ಸಸಿಗಳು ಮುಗಿಬಿದ್ದು ಎದ್ದವು. ಖಂಡೆಪ್ಪ ನೋಡಿದ, ಕುಳಿತ, ಸವರಿದ. ಆಸೆಗಣ್ಣಿಗೆ ಕಂಡದ್ದೆಲ್ಲ ಬಂಗಾರ. “ಬನ್ನಿ! ಬನ್ನಿ ಹುಟ್ಟ್ಯಾವ್ರೋ!” ಎಂದು ಕೂಗುತ್ತ ಓಡಿ ಬಂದ. ನಿವೃತ್ತ ವೆಂಕಟೇಶ ಮಾಸ್ತರರು ಬಂದು ನೋಡಿ, ಇದು ಶಮೀವೃಕ್ಷವೇ ಎಂದು ಪಾಂಡವರ ಆಯುಧದ ಕಥೆಯನ್ನು ನಿಂತಲ್ಲೇ ಮುಗಿಸಿದರು. ಮುಳ್ಳಿದೆಯಲ್ಲ ಎಂದವನಿಗೆ, ಬನ್ನಿಗೂ ಮುಳ್ಳಿರುತ್ತದೆ ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಅಂದಿನಿಂದ ಊರಿಗೆ ಊರೇ ಆ ಸಸಿಗಳ ಸೇವೆಗೆ ನಿಂತಿತು. ಹೆಂಗಸರು ಅರಿಶಿನ ಕುಂಕುಮ ಹಚ್ಚಿದರು, ಹೂವಿನ ಮಾಲೆ ಹಾಕಿದರು. ಮಳೆ ತಡವಾದಾಗ ಕೊಡ ಹೊತ್ತು ನೀರುಣಿಸಿದರು. ಈ ಸಲದ ದಸರೆ ಹಳ್ಳದಲ್ಲೇ ಎಂದು ಡಂಗುರವೂ ಆಯಿತು.

ಹಬ್ಬಕ್ಕೆ ಒಂದು ವಾರವಿರುವಾಗ ದೇಸಾಯಿಣಿ ಹಗ್ಗ ಹರಿದುಕೊಂಡು ನೆಟ್ಟಗೆ ಹಳ್ಳಕ್ಕೆ ಇಳಿಯಿತು. ಖಂಡೆಪ್ಪ ಬಡಿಗೆ ಹಿಡಿದು ಓಡಿದ. ಎಷ್ಟು ಬಂಗಾರ ಆಡಿನ ಹೊಟ್ಟೆ ಸೇರಿತೋ ಎಂದು ಓಡುತ್ತಲೇ ಲೆಕ್ಕ ಹಾಕಿದ.

ಆಡು ಒಂದು ಸಸಿಯನ್ನು ಮೂಸಿತು, ಮುಖ ತಿರುಗಿಸಿತು. ಇನ್ನೊಂದನ್ನು ಮೂಸಿತು, ಸೀನಿತು. ಕೊನೆಗೆ ಸಸಿಯ ಕೊರಳಲ್ಲಿದ್ದ ಚೆಂಡುಹೂವಿನ ಮಾಲೆಯನ್ನು ತಿಂದು, ಸಸಿಯನ್ನು ಹಾಗೇ ಬಿಟ್ಟು ಹೊರಟಿತು.

ಖಂಡೆಪ್ಪನ ಕೈಯಿಂದ ಬಡಿಗೆ ಜಾರಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಬನ್ನಿಯನ್ನಂತೂ ಅದು ಕಡ್ಡಿ ಕೂಡ ಬಿಡದೆ ಮೇಯುತ್ತದೆ. ಅದು ಒಲ್ಲೆನ್ನುವ ಎಲೆ ಬಳ್ಳಾರಿ ಜಾಲಿಯದು. ಜಾಲಿಯ ಕಾಯಿ ಸಿಹಿ, ಬೇಸಿಗೆಯಲ್ಲಿ ಕುರಿಗಳು ಅದನ್ನೇ ತಿಂದು ಬದುಕುತ್ತವೆ. ಬೀಜ ಮಾತ್ರ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಊರು ವರ್ಷವೆಲ್ಲ ಕಿತ್ತ ಜಾಲಿಯನ್ನು ಅವನೇ ಕೈಯಾರೆ, ಗೊಬ್ಬರದ ಸಮೇತ, ಬಿತ್ತಿಸಿದ್ದ.

ಸಂಜೆ ಬಾಳಮ್ಮ ರೊಟ್ಟಿ ಬಡಿಯುತ್ತ ಕೇಳಿದಳು: “ದೇಸಾಯಿಣಿ ಹಸಗೊಂಡು ಬಂದಾಳ್ರಿ. ಹಳ್ಳದಾಗ ಅಷ್ಟ್ ಬನ್ನಿ ಐತಿ, ಒಂದ್ ಎಲಿ ಮುಟ್ಟಿಲ್ಲಲ್ಲ?”

“ಆಡಿಗೆ ಭಕ್ತಿ ಬಂದೈತಿ.”

“ಚಲೋ ಆತು ಬಿಡ್ರಿ. ಸೋಮವಾರ ಉಪವಾಸಾನೂ ಹಿಡಿಸೂಣು.”

ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಹಳ್ಳ ಹೋಗುತ್ತದೆ. ನೆಲ ಹಸಿಯಿರುವಾಗ ಸಸಿ ಕೈಯಿಂದಲೇ ಬರುತ್ತದೆ. ಎರೆಭೂಮಿ ಒಣಗಿ ಬಿಗಿಯಿತೆಂದರೆ ಎತ್ತು ಕಟ್ಟಿ ಎಳೆದರೂ ಬೇರು ಕದಲುವುದಿಲ್ಲ. ಆ ವಾರವಿಡೀ ಅವನು ಯಾರನ್ನೂ ಬೈಯಲಿಲ್ಲ. ಖಂಡೆಪ್ಪನಿಗೆ ಜ್ವರ ಬಂದಿದೆ ಎಂದು ಊರು ಮಾತಾಡಿಕೊಂಡಿತು.

ದಸರೆಯ ದಿನ ಊರೆಲ್ಲ ಹೊಸ ಬಟ್ಟೆ ಉಟ್ಟು ಹಳ್ಳಕ್ಕೆ ಇಳಿಯಿತು. ಆರತಿ ತಟ್ಟೆಗಳು ಸಸಿಗಳ ಮುಂದೆ ಬರುತ್ತಿದ್ದಂತೆ ಖಂಡೆಪ್ಪ ಅಡ್ಡ ನಿಂತ.

“ನಿಂದರ್ರಿ. ಇವು ಬನ್ನಿ ಅಲ್ಲ. ಬಳ್ಳಾರಿ ಜಾಲಿ. ಕುರಿ ಮೋಸ ಮಾಡ್ಯಾವ.”

ಜಟ್ಟಿ ಬಿದ್ದಿದ್ದ, ಮೀಸೆ ಇನ್ನೂ ಮಣ್ಣಾಗಿರಲಿಲ್ಲ.

“ಛೇ ಛೇ, ಶಮಿಯೇ ಇದು!” ಎಂದರು ಮಾಸ್ತರರು.

ಬಾಳಮ್ಮ ಹಿಂದೆ ಕಟ್ಟಿದ್ದ ದೇಸಾಯಿಣಿಯನ್ನು ಬಿಚ್ಚಿ ಒಳಗೆ ಬಿಟ್ಟಳು. ಊರು ‘ಹೋ’ ಎಂದಿತು. ಆಡು ಗತ್ತಿನಿಂದ ನಡೆಯಿತು. ಕುಂಕುಮ ಹಚ್ಚಿದ ಸಸಿಯನ್ನು ಮೂಸಿ ಬಿಟ್ಟಿತು, ಪಕ್ಕದ್ದನ್ನೂ ಬಿಟ್ಟಿತು. ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಸೆರಗಿನಲ್ಲಿ ನಕ್ಕರು. “ನಾಕ ತಿಂಗಳ ಜಾಲಿಗೆ ಆರತಿ ಎತ್ತೀನ್ರೆವ್ವಾ!” ಎಂದು ಒಬ್ಬ ಅಜ್ಜಿ ಹಣೆ ಚಚ್ಚಿಕೊಂಡಳು. ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು.

ಅಷ್ಟರಲ್ಲಿ ದೇಸಾಯಿಣಿ ಹಳೆಯ ಬನ್ನಿಯ ಮೋಟಿನ ಹತ್ತಿರ ಹೋಗಿ, ಅದರ ಬುಡದಲ್ಲಿದ್ದ ಒಂದು ಚಿಗುರಿಗೆ ಗಬಕ್ಕನೆ ಬಾಯಿ ಹಾಕಿತು.

“ಹಿಡೀರೋ! ಅದು ಖರೇ ಬನ್ನಿ ಐತಿ!” ಖಂಡೆಪ್ಪ ಹೊಸ ಧೋತರದಲ್ಲೇ ಹಾರಿಬಿದ್ದು ಆಡಿನ ದವಡೆ ಹಿಡಿದ. ಸತ್ತಿತೆಂದುಕೊಂಡಿದ್ದ ಬೇರು ವರತೆಯ ನೀರು ಕುಡಿದು ಒಂದೇ ಒಂದು ಚಿಗುರು ಕಳಿಸಿತ್ತು. ತುದಿ ಹೋಗಿತ್ತು, ಬುಡ ಉಳಿದಿತ್ತು.

ನಗೆ ನಿಂತ ಮೇಲೆ ಕಾಂತು ಮುಂದೆ ಬಂದ. ಒಂದು ಸೋಮವಾರವನ್ನೂ ತಪ್ಪಿಸದೆ ದುಡಿದವನು ಅವನು. “ಕಾಕಾ, ನಮ್ಮ ಆಡಿಗೆ ಕಟ್ಟಳಿ ಹಾಕಿ ನೀವು ಯಾರ್ನೂ ಕೇಳದ ಕುರಿ ತಂದ್ರಿ. ಈಗ ತಪ್ಪು ಕುರೀದು ಅಂತೀರಿ. ನಾಳಿಂದ ನಮ್ಮ ಆಡೂ ಬಿಡತೀವಿ. ಸೋಮವಾರ ನೀವೊಬ್ರ ಬರ್ರಿ.”

ಹೌದು ಹೌದು ಎಂದು ಹತ್ತು ಬಾಯಿ ಕೂಡಿದವು. ಖಂಡೆಪ್ಪ ಚಿಗುರನ್ನು ನೋಡಿದ, ಜನರನ್ನು ನೋಡಿದ. ಎಲ್ಲರೂ ಹೋದರೆ ಹಳ್ಳವೂ ಹೋಯಿತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ಕುರೀದಲ್ಲ. ನಂದು. ತಪ್ಪಾತು.”

ಅಂದಾದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆಕಾಶ ಬಿದ್ದಿರಲಿಲ್ಲ. ಮೀಸೆಯೂ ಇದ್ದಲ್ಲೇ ಇತ್ತು.

ಬಾಳಮ್ಮ ಸೀರೆ ಎತ್ತಿ ಕಟ್ಟಿ ಬಗ್ಗಿದಳು. ಒಂದು ಜಾಲಿ ಸಸಿಯನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ಗಂಡನ ಕೈಗೆ ಕೊಟ್ಟಳು.

“ತಗೋರಿ. ನಾವು ನೀವು ಬಂಗಾರದಂಗ ಇರೋಣು.”

ಆಮೇಲೆ ಕಾಂತುವೂ ಒಂದನ್ನು ಕಿತ್ತು ತಂದ. “ತಗೋರಿ ಕಾಕಾ. ಮುಳ್ಳು ನೋಡ್ರಿ ಮತ್ತ” ಎಂದ. ಬನ್ನಿಯ ಪದ್ಧತಿ ಗೊತ್ತಲ್ಲ, ಕಿರಿಯರು ಹಿರಿಯರಿಗೆಲ್ಲ ಕೊಡಬೇಕು, ಮುನಿಸಿದ್ದವರಿಗೆ ಮೊದಲು ಕೊಡಬೇಕು, ಯಾರನ್ನೂ ಬಿಡುವಂತಿಲ್ಲ. ಊರಲ್ಲಿ ಹಿರಿಯರೂ ಬಹಳ, ಮುನಿಸೂ ಬಹಳ. ಕಿತ್ತರು, ಕೊಟ್ಟರು, ಚುಚ್ಚಿಸಿಕೊಂಡು ಬೈದರು, ಮತ್ತೆ ಕಿತ್ತರು. ಮಾಸ್ತರರು ಸಿಕ್ಕಸಿಕ್ಕವರಿಗೆಲ್ಲ ಎರಡೆರಡು ಕೊಟ್ಟರು. ಹೊತ್ತು ಇಳಿಯುವುದರೊಳಗೆ ಅರ್ಧ ಹಳ್ಳ ಬಯಲಾಗಿತ್ತು. ಉಳಿದರ್ಧಕ್ಕೆ ಸೋಮವಾರ ಇದ್ದೇ ಇತ್ತು.

ಕಿತ್ತ ಜಾಲಿಯಲ್ಲಿ ಖಂಡೆಪ್ಪ ಆ ಒಂದೇ ಚಿಗುರಿಗೆ ಸುತ್ತಲೂ ಮುಳ್ಳುಬೇಲಿ ಕಟ್ಟಿದ. ಆಡು ದೂರದಿಂದ ಬೇಸರದಲ್ಲಿ ನೋಡುತ್ತಿತ್ತು. ಬಾಳಮ್ಮ ಪಕ್ಕದಲ್ಲಿ ಕುಳಿತು ಅವನ ಅಂಗೈಯ ಮುಳ್ಳು ತೆಗೆಯತೊಡಗಿದಳು.

“ಊರಿಗೆ ಅಂದ್ರಿ. ನನ್ನ ದೇಸಾಯಿಣಿಗೆ?”

ಖಂಡೆಪ್ಪ ಆಡಿನ ಕಡೆ ತಿರುಗಿ, ಊರೆಲ್ಲ ಕೇಳುವಂತೆ ಅಂದ: “ತಪ್ಪಾತವ್ವಾ.”

ಬಾಳಮ್ಮ ಮುಳ್ಳು ತೆಗೆಯುವುದನ್ನು ಬಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಇನ್ನೊಂದು ಮುಳ್ಳು ಹುಡುಕಿದಳು.