ಹೆಸರಿಲ್ಲದ ಅಳು

ಪ್ಯಾರಿಸಿನ ರೆಮಿ ಅರ್ಧ ಆಯುಷ್ಯ ಇನ್ನೊಬ್ಬರ ಹಾಡುಗಳಿಗೆ ಪಿಟೀಲು, ಕೊಳಲು, ಗಂಟೆಗಳನ್ನು ತೊಡಿಸಿ, ಮದುಮಗಳಂತೆ ಸಿಂಗರಿಸಿ ಕಳಿಸಿದವನು. ಹಾಡುಗಳು ಊರೂರು ಮೆರೆದವು. ಸಿಂಗರಿಸಿದವನನ್ನು ಯಾರೂ ಕೇಳಲಿಲ್ಲ. ತನ್ನದೇ ಎನ್ನುವ ಒಂದು ರಾಗ ಕಟ್ಟದೆ ಸಾಯಬಾರದೆಂಬ ಹಟ ಅವನನ್ನು ಸಮುದ್ರ ದಾಟಿಸಿ, ಎಪ್ಪತ್ತಮೂರನೇ ಇಸವಿಯ ಹತ್ತಿ ಸುಗ್ಗಿಯಲ್ಲಿ ಶಲವಡಿ ಎಂಬ ಹಳ್ಳಿಗೆ ತಂದು ಬಿಟ್ಟಿತು.

ಅಲ್ಲಿ ಒಂದು ಸಾವಿನ ಮನೆಯ ಮುಂದೆ, ಬಸವಣ್ಣೆವ್ವ ಎಂಬ ಮುದುಕಿ ಹೆಣದ ಗದ್ದ ಹಿಡಿದು, ಸತ್ತವನ ಗುಣ ಎಣಿಸಿ ಹಾಡಿಕೊಂಡು ಅಳುವುದನ್ನು ಕೇಳಿದ. ದನಿ ಏರಿ, ಮುರಿದು, ಮತ್ತೆ ನೆಲ ಹಿಡಿಯುವ ಪರಿಗೆ ಕಿವಿಗೊಟ್ಟು ಹತ್ತಿರ ಸರಿದ. ನನ್ನ ರಾಗದ ಬೀಜ ಇದರೊಳಗಿದೆ ಎಂದುಕೊಂಡ.

ಮರುದಿನ ಇಂಗ್ಲಿಷ್ ಬಲ್ಲ ಶಂಭುಲಿಂಗಪ್ಪ ಮಾಸ್ತರರೊಡನೆ, ಟೇಪ್ ರೆಕಾರ್ಡರ್ ಹೊತ್ತು ಅವಳ ಕಟ್ಟೆಗೆ ಹೋದ.

“ನಿನ್ನೆ ಅತ್ತಂಗ ಇನ್ನೊಮ್ಮೆ ಅಳಬೇಕಂತ, ಬಸವಣ್ಣೆವ್ವ,” ಎಂದರು ಮಾಸ್ತರರು.

“ಯಾರು ಸತ್ತಾರ್ರಿ?”

“ಯಾರೂ ಇಲ್ಲ. ಸುಮ್ನ.”

“ಸುಮ್ನ ಅಳಾಕ ನಾ ಏನು ತೊಟ್ಟಿಲ ಕೂಸೇನ್ರಿ?” ಅವಳು ಹತ್ತಿ ಬಿಡಿಸುತ್ತಲೇ ಇದ್ದಳು. “ಹೆಸರಿಲ್ಲದ ಅಳು ಓಣ್ಯಾಗ ತಿರುಗಿ ಯಾರ ಮನಿ ಹೊಕ್ಕತೈತೋ ಏನೋ. ಹೆಸರು ಕೊಡ್ರಿ.”

ಮಾಸ್ತರರು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ರೆಮಿ ತನ್ನ ಎದೆ ಮುಟ್ಟಿಕೊಂಡ. “ರೆಮಿ.”

ಬದುಕಿದ್ದವರ ಹೆಸರಿಗೆ ಅಳಬಾರದೆಂದು ಮಾಸ್ತರರು ಎಷ್ಟು ಹೇಳಿದರೂ ಅವನು ನಕ್ಕು ಟೇಪಿನ ಗುಂಡಿ ಒತ್ತಿದ.

ಬಸವಣ್ಣೆವ್ವ ಹತ್ತಿ ಸರಿಸಿದಳು. “ಏನು ಕೆಲಸ ಮಾಡ್ತಿದ್ದ? ಏನು ಬಿಟ್ಟುಹೋದ?” ಎಂದು ಅವನೆದುರೇ, ಹೋದವನ ಬಗ್ಗೆ ಕೇಳುವಂತೆ ಕೇಳಿದಳು. ಮಾಸ್ತರರು ಅವನನ್ನೇ ಕೇಳಿ ಅವಳಿಗೆ ತಿಳಿಸಿದರು. ಅವಳು ಸೆರಗು ಮುಂದಕ್ಕೆಳೆದು ಅವನ ಗದ್ದ ಹಿಡಿದಳು.

“ಮಂದಿ ಹಾಡಿಗೆ ಸೀರಿ ಉಡಿಸಿದ್ಯೋ ರೆಮಿಯಪ್ಪಾ, ನಿನ್ನ ಹಾಡು ಮೈಮ್ಯಾಲ ಅರಿವಿ ಇಲ್ಲದ ಹೋತಲ್ಲೋ… ಮಂದಿ ಮಕ್ಕಳ ಆಡಿಸಿದ್ಯೋ ರೆಮಿಯಪ್ಪಾ, ನಿನ್ನ ತೊಟ್ಲಾ ತೂಗಲಿಲ್ಲಲ್ಲೋ…”

“ಏನಂದಳು?” ಎಂದ ರೆಮಿ. ಮಾಸ್ತರರು ನೆಲ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದರು. ಅವನ ನಗು ಆರಿಹೋಯಿತು.

ಓಣಿಯ ಹೆಂಗಸರು ಬಂದು ಸುತ್ತ ಕೂತು ದನಿಗೂಡಿಸಿದರು. ಸಾಕೆನ್ನುವಂತೆ ರೆಮಿ ಕೈಯೆತ್ತಿದ. ಬಾಜೂ ಮನೆಯ ರಾಮವ್ವ ಆ ಕೈ ಕೆಳಗಿಳಿಸಿದಳು.

“ನಡುವ ಬಿಡಬಾರದ್ರಿ. ಹೆಣ ಎತ್ತೂತನಕ ಅಳಬೇಕು.”

ಎತ್ತುವವರು ಯಾರೂ ಬರಲಿಲ್ಲ. ಕೊನೆಗೆ ಅವನೇ ಗೋಡೆ ಹಿಡಿದು ಎದ್ದ. ಬಸವಣ್ಣೆವ್ವ ಮೂಗು ಒರೆಸಿಕೊಂಡು, “ಮೈ ತೊಳಕೊಂಡು ಬರ್ರಿ, ಚಾ ಕುಡ್ಯೂಣು,” ಎಂದಳು.

ಹಿತ್ತಲಲ್ಲಿ ನೀರು ಸುರಿದುಕೊಳ್ಳುತ್ತ ರೆಮಿ ತನ್ನ ರಾಗದ ಮೊದಲ ಸಾಲು ಗುನುಗಲು ನೋಡಿದ. ಎಲ್ಲಿಂದ ಹಿಡಿದರೂ ಅವಳ ದನಿಯೇ ಬಂದು ಗಂಟಲಲ್ಲಿ ಕೂತಿತು.

“ಇನ್ನೊಂದು ಕೊಡ ಹಾಕ್ಲೇನ್ರಿ?” ಎಂದು ಮಾಸ್ತರರು ಕೊಡ ಎತ್ತಿ ತೋರಿಸಿದರು.

ಅವನು ಕೊಡದ ಕೆಳಗೆ ತಲೆ ಬಗ್ಗಿಸಿದ.